ಎಂಟು ಗಂಟೆ ಹತ್ತು ನಿಮಿಷದ ಚುಕ್ಕೆ

ಯಾರಾದರೂ ನನ್ನ ಮುಂದೆ ಸತ್ತವರು ಬಂದು ಮಾತಾಡಿಸಿದ ಕಥೆ ಹೇಳಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಎಷ್ಟು ಗಂಟೆಗೆ?" ಹೇಳುವವರು ಅಲ್ಲೇ ತಡವರಿಸುತ್ತಿದ್ದರು. ಎರಡನೆಯ ಪ್ರಶ್ನೆ, "ಬರೆದಿಟ್ಟಿದೀರಾ?" ಬರೆದಿಟ್ಟವರು ಒಬ್ಬರೂ ಸಿಗಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಹೀಗೆ ನಾಲ್ಕಾರು ಜನರ ಬಾಯಿ ಮುಚ್ಚಿಸಿ ಒಳಗೊಳಗೇ ಬೀಗಿದ್ದೂ ಉಂಟು. ಈಗ ಆ ಎರಡೂ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿದೆ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಬರೆದಿಟ್ಟಿದ್ದೇನೆ. ಆದರೂ ನನಗೆ ಏನೂ ಅರ್ಥವಾಗಿಲ್ಲ.

ಟೆಲಿಸ್ಕೋಪ್ ಇಟ್ಟುಕೊಂಡವರು ರಾತ್ರಿ ನಿದ್ದೆಗೆಡುತ್ತಾರೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಾವಿಬ್ಬರು ನೋಡುತ್ತಿದ್ದುದು ಸೂರ್ಯನನ್ನು. ನಾವಿಬ್ಬರು ಎಂದರೆ ನಾನು ಮತ್ತು ಚನ್ನಬಸಪ್ಪನವರು. ಅವರಿಗೆ ಬಳೇಪೇಟೆಯಲ್ಲಿ ಗಾಜಿನ ಬಳೆಗಳ ಸಗಟು ಅಂಗಡಿ, ಅದರ ಮೇಲೆಯೇ ಮನೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಟೆಲಿಸ್ಕೋಪ್ ಅವರದೇ, ಆದರೆ ಪೇಟೆಯ ಆ ಇಕ್ಕಟ್ಟಿನಲ್ಲಿ ಬೆಳಗಿನ ಬಿಸಿಲು ಬೀಳುವುದೇ ಕಷ್ಟ. ಹಾಗಾಗಿ ಗವಿಪುರದ ನಮ್ಮ ಮನೆಯ ತಾರಸಿಯಲ್ಲಿ ಅದು ನೆಲೆಸಿತು. ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗಡಿ ತೆರೆಯುವ ಮೊದಲು ಸ್ಕೂಟರಿನಲ್ಲಿ ಬರುತ್ತಿದ್ದರು. ನನಗೂ ಶಾಲೆಗೆ ಹೊರಡುವ ಮುಂಚೆ ಅರ್ಧ ಗಂಟೆ ಸಿಗುತ್ತಿತ್ತು.

ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ಹೋಗುತ್ತದೆ. ಅದಕ್ಕೆ ಟೆಲಿಸ್ಕೋಪಿನಿಂದ ಹೊರಬರುವ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಅದರಲ್ಲಿ ಕಾಣುವ ಕಪ್ಪು ಚುಕ್ಕೆಗಳನ್ನು ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದೆವು. ಇದಕ್ಕೆ ಇಬ್ಬರು ಬೇಕು. ಭೂಮಿ ತಿರುಗುತ್ತಿರುವುದರಿಂದ ಎರಡು ನಿಮಿಷದೊಳಗೆ ಬಿಂಬ ಹಾಳೆಯಿಂದ ಜಾರಿಹೋಗುತ್ತದೆ. ಚನ್ನಬಸಪ್ಪನವರು ಸ್ಟೂಲಿನ ಮೇಲೆ ಕೂತು ಕೊಳವೆಯನ್ನು ಇಷ್ಟಿಷ್ಟೇ ಸರಿಸುತ್ತಿದ್ದರು. ನಾನು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಹಾಳೆಯ ಮೇಲೆ ಬಗ್ಗಿ ಬರೆಯುತ್ತಿದ್ದೆ. ನಡುನಡುವೆ ಅವರೂ ಬಟ್ಟೆಯೊಳಗೆ ತಲೆ ತೂರಿಸಿ, ನಾನು ಬಿಟ್ಟದ್ದನ್ನು ತೋರಿಸುತ್ತಿದ್ದರು. ಅನುಮಾನ ಬಂದರೆ, "ಹಾಳೆ ಅಲ್ಲಾಡಿಸಿ ಟೀಚರೇ" ಎನ್ನುತ್ತಿದ್ದರು. ಹಾಳೆಯ ಕಲೆಯಾದರೆ ಹಾಳೆಯ ಜೊತೆಗೇ ಅಲ್ಲಾಡುತ್ತದೆ. ಸೂರ್ಯನದಾದರೆ ಇದ್ದಲ್ಲೇ ಇರುತ್ತದೆ.

ಪುಸ್ತಕದಲ್ಲಿ ದಿನಾಂಕ, ಗಂಟೆ, ಚುಕ್ಕೆಗಳ ಲೆಕ್ಕ, ವೀಕ್ಷಕರ ಹೆಸರು, ಕೊನೆಗೆ ಷರಾ. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು ಎಂಬುದು ಅವರೇ ಮಾಡಿದ ನಿಯಮ. ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುತ್ತಿದ್ದ ಕಣ್ಣು ಅವರದು. ನನಗೆ ಕಾಣದ ಎಷ್ಟೋ ಚುಕ್ಕೆಗಳನ್ನು ಅವರು ಕಂಡಿದ್ದರು.

ಒಂಬತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ನಮ್ಮಂತೆ ಚುಕ್ಕೆ ಗುರುತಿಸುವ ಊರಿನ ಹವ್ಯಾಸಿಗಳ ಚಿತ್ರಗಳನ್ನು ತರಿಸಿ ಒಟ್ಟುಮಾಡುತ್ತಿದ್ದವರೊಬ್ಬರು, ನಿಮ್ಮ ಲೆಕ್ಕ ಬೇರೆಯವರಿಗಿಂತ ಜಾಸ್ತಿ ಬರುತ್ತಿದೆ ಎಂದು ಫೋನು ಮಾಡಿದರು. ಮರುದಿನ ಚನ್ನಬಸಪ್ಪನವರು ತೋರಿಸಿದ ಒಂದು ಚುಕ್ಕೆ ನನಗೆ ಕಾಣಲಿಲ್ಲ. ಹಾಳೆ ಅಲ್ಲಾಡಿಸಿದರೂ ಕಾಣಲಿಲ್ಲ. ಅವರು ಹೋದ ಮೇಲೆ ಷರಾ ಕಾಲಂನಲ್ಲಿ, ನಾನು ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲೇ ಬರೆದೆ: "ಚ. ಬ. ಅವರ ದೃಷ್ಟಿ ಅನುಮಾನ. ಅವರ ಚುಕ್ಕೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ."

ಹಿಂದಿನ ದಿನದ ಪುಟ ಓದಿಯೇ ಕೆಲಸ ಶುರು ಮಾಡುವುದು ಅವರ ಅಭ್ಯಾಸ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಬರೆದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮಾರನೆಯ ಬೆಳಿಗ್ಗೆ ಅವರು ಬಂದು ಭೂತಗನ್ನಡಿ ಹಿಡಿದು ಓದಿದರು. ಇನ್ನೊಮ್ಮೆ ಓದಿದರು.

"ನನಗೆ ಹೇಳಿದ್ರೆ ಆಗ್ತಿತ್ತಲ್ಲ ಟೀಚರೇ" ಎಂದರು.

ನಾನು ಏನೋ ಸಮಜಾಯಿಷಿ ಕೊಡಲು ಹೋದೆ. "ಇರ್ಲಿ ಬಿಡಿ, ಬರೆದಿದ್ದು ಬರೆದಾಯ್ತು" ಎಂದು ಪುಸ್ತಕ ಮುಚ್ಚಿದರು. ಮೆಟ್ಟಿಲಿಳಿಯುವಾಗ, "ಟೆಲಿಸ್ಕೋಪು ಇಲ್ಲೇ ಇರ್ಲಿ, ನಿಮಗೆ ಬೇಕಾಗತ್ತೆ" ಎಂದರು. ಆಮೇಲೆ ಬರಲಿಲ್ಲ. ಅವರಿಗೆ ಹುಷಾರಿಲ್ಲವಂತೆ ಎಂದು ಎರಡು ಸಲ ಕಿವಿಗೆ ಬಿತ್ತು. ಈ ಭಾನುವಾರ ಹೋದರಾಯಿತು, ಮುಂದಿನ ಭಾನುವಾರ ಹೋದರಾಯಿತು ಎಂದು ಐದು ತಿಂಗಳು ಕಳೆದೆ. ಯಾವ ಮುಖ ಹೊತ್ತು ಹೋಗುವುದು ಎಂಬುದೇ ನಿಜವಾದ ಕಾರಣ.

ಅವತ್ತು ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಒಬ್ಬಳೇ ಎಡಗೈಯಲ್ಲಿ ಕೊಳವೆ ಸರಿಸುತ್ತ, ಬಲಗೈಯಲ್ಲಿ ಬರೆಯುವ ಸರ್ಕಸ್ಸು ಅಷ್ಟು ಹೊತ್ತಿಗೆ ನನಗೆ ರೂಢಿಯಾಗಿತ್ತು. ಕಪ್ಪು ಬಟ್ಟೆ ಹೊದ್ದು ಆರು ಚುಕ್ಕೆ ಗುರುತಿಸಿದ್ದೆ. ಆಗ ವಿಭೂತಿಯ ವಾಸನೆ ಬಂತು. ಸ್ಟೂಲು ಕಿರ್ ಎಂದಿತು.

"ಬಲಗಡೆ ಅಂಚಲ್ಲಿ ಒಂದು ಬಿಟ್ಬಿಟ್ರಿ ಟೀಚರೇ."

ಹೆದರಿಕೆ ಆಗಲಿಲ್ಲ. ಯಾಕೆ ಆಗಬೇಕು? ಅವರು ಬದುಕಿದ್ದಾರೆ ಎಂದೇ ನಾನು ತಿಳಿದಿದ್ದೆ. ಕೊನೆಗೂ ಬಂದರಲ್ಲ ಎನಿಸಿತು. ಬಟ್ಟೆ ತೆಗೆದರೆ ನನ್ನ ಕಣ್ಣೀರು ಕಾಣುತ್ತದೆಂದು ತಲೆ ಎತ್ತಲಿಲ್ಲ. "ಕಾಣ್ತಿಲ್ವಲ್ಲ" ಎಂದೆ.

"ಹಾಳೆ ಅಲ್ಲಾಡಿಸಿ."

ಅಲ್ಲಾಡಿಸಿದೆ. ಅಂಚಿನ ಬಳಿ ಏನೋ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಪೆನ್ಸಿಲ್ ಇಟ್ಟು, "ಇಲ್ಲೇನಾ?" ಎಂದು ಕೇಳಿದೆ.

"ಇನ್ನೊಂಚೂರು ಕೆಳಗೆ. ಹಾಂ, ಅಲ್ಲೇ."

ಚುಕ್ಕೆ ಹಾಕಿದೆ. "ಕಣ್ಣು ಆಪರೇಷನ್ ಮಾಡಿಸ್ಕೊಂಡ್ರಾ?" ಎಂದೆ.

"ಈಗ ಚೆನ್ನಾಗಿ ಕಾಣ್ತಿದೆ" ಎಂದರು.

ಗಡಿಯಾರ ನೋಡಿ ಎಂಟು ಹತ್ತು ಎಂದು ಬರೆದೆ. ವೀಕ್ಷಕರ ಕಾಲಂನಲ್ಲಿ, ಎಷ್ಟೋ ತಿಂಗಳ ಮೇಲೆ, ಇಬ್ಬರ ಹೆಸರನ್ನೂ ಹಾಕಿದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಟ್ಟೆ ತೆಗೆದರೆ ಸ್ಟೂಲು ಖಾಲಿ. ನೀರು ಕುಡಿಯಲು ಕೆಳಗೆ ಹೋಗಿರಬೇಕೆಂದು ಇಳಿದುಬಂದೆ. ಅಮ್ಮ ಮೆಟ್ಟಿಲ ಬುಡದಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರನ್ನು ದಾಟದೆ ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ.

"ಯಾರೂ ಬರ್ಲಿಲ್ವಲ್ಲೇ. ನಿನ್ನ ದನಿ ಕೇಳಿಸ್ತಿತ್ತು, ಫೋನಲ್ಲಿ ಮಾತಾಡ್ತಿದೀಯ ಅಂದ್ಕೊಂಡೆ" ಎಂದರು ಅಮ್ಮ.

ಫೋನು ಬಂದದ್ದು ಎಂಟೂವರೆ ದಾಟಿದ ಮೇಲೆ. ಅವರ ಮಗ ಮಹೇಶ. "ಅಪ್ಪ ಬೆಳಗಿನ ಜಾವ ಹೋಗ್ಬಿಟ್ರು ಟೀಚರ್. ನಿಮಗೆ ತಿಳಿಸ್ಬೇಕು ಅಂತ ಅಮ್ಮ ಹೇಳಿದ್ರು."

ಬಳೇಪೇಟೆಗೆ ಹೇಗೆ ಹೋದೆನೋ ನೆನಪಿಲ್ಲ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹಾರ. ಮುಚ್ಚಿದ ರೆಪ್ಪೆಗಳ ಮೇಲೆ ಹತ್ತಿ ಇಟ್ಟಿದ್ದರು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಮಹೇಶ ಹತ್ತಿರ ಬಂದ.

"ಕಣ್ಣು ದಾನ ಮಾಡಿದ್ವಿ ಟೀಚರ್. ಅಪ್ಪನೇ ಬರೆದುಕೊಟ್ಟಿದ್ರು. ಎಂಟು ಗಂಟೆಗೆ ಬಂದು, ಎಂಟೂಕಾಲು ಅಷ್ಟೊತ್ತಿಗೆ ತಗೊಂಡು ಹೋದ್ರು. ಪೊರೆ ಇದ್ರೂ ತೊಂದ್ರೆ ಇಲ್ವಂತೆ. ಒಳ್ಳೆ ಕಣ್ಣು, ಇಬ್ಬರಿಗೆ ಆಗತ್ತೆ ಅಂದ್ರು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಲ್ಲರೂ ಸಂಕಟದಿಂದ ಕೂತಳು ಎಂದುಕೊಂಡರು. ಸಂಕಟವೂ ಇತ್ತು.

ಮನೆಗೆ ಬಂದು ಪುಸ್ತಕ ತೆಗೆದಾಗ ಇನ್ನೊಂದು ಸಂಗತಿ ಹೊಳೆಯಿತು. ಕೊನೆಯ ಚುಕ್ಕೆ ಹಾಕುವಾಗ ನನ್ನ ಎಡಗೈ ಹಾಳೆಯ ಮೇಲಿತ್ತು. ಐದಾರು ನಿಮಿಷ ನಾನು ಕೊಳವೆಯನ್ನು ಮುಟ್ಟಿಯೇ ಇರಲಿಲ್ಲ. ಆದರೂ ಬಿಂಬ ಜಾರಿರಲಿಲ್ಲ. ಗೊತ್ತಿಲ್ಲದೆ ಸರಿಸಿರಬಹುದು, ನೆನಪು ಕೈಕೊಟ್ಟಿರಬಹುದು, ಮನಸ್ಸಿನ ಕೊರಗೇ ಮಾತಾಡಿರಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ಹೀಗೆಯೇ ವಾದಿಸುತ್ತಿದ್ದೆ.

ಮಾರನೆಯ ದಿನದಿಂದ ಮೂರು ದಿನ ಮೋಡ. ಸೂರ್ಯ ತಿರುಗುವುದರಿಂದ ನಾಲ್ಕನೆಯ ದಿನಕ್ಕೆ ಅಂಚು ಬಿಟ್ಟು ಒಳಗೆ ಸರಿದಿರಬೇಕಾಗಿದ್ದ ಆ ಚುಕ್ಕೆ ಇರಲಿಲ್ಲ. ಚಿಕ್ಕ ಚುಕ್ಕೆಗಳು ಕೆಲವೇ ಗಂಟೆ ಇದ್ದು ಮಾಯವಾಗುವುದುಂಟು, ಹಾಗಾಗಿ ಅದರಿಂದಲೂ ಏನೂ ತೀರ್ಮಾನವಾಗಲಿಲ್ಲ. ಚಿತ್ರ ಒಟ್ಟುಮಾಡುವವರು ತಿಂಗಳ ಕೊನೆಗೆ ಫೋನು ಮಾಡಿದರು. "ಅಂಚಿನ ಚುಕ್ಕೆ ಬೇರೆ ಯಾರೂ ಹಾಕಿಲ್ಲ ಮೇಡಂ. ತೆಗೆದ್ಬಿಡ್ಲಾ?"

"ಬೇಡ, ಇರ್ಲಿ" ಎಂದೆ.

ಹಳೆಯ ಪುಟಕ್ಕೆ ಹೋಗಿ ನನ್ನ ಕೆಂಪು ಷರಾದ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕಿದೆ. ಅದನ್ನು ಓದಬೇಕಾಗಿದ್ದವರು ಇರಲಿಲ್ಲ.

ವರ್ಷಗಳಾದವು. ಅವತ್ತಿನ ಪುಟ ಈಗಲೂ ಆಗಾಗ ತೆರೆಯುತ್ತೇನೆ. ಷರಾ ಕಾಲಂ ಖಾಲಿಯಿದೆ, ಏನು ಬರೆಯಬೇಕೋ ಇಂದಿಗೂ ತಿಳಿದಿಲ್ಲ. ಚಿತ್ರದಲ್ಲಿ ಏಳು ಚುಕ್ಕೆಗಳಿವೆ. ಆರು ನಾನು ಕಂಡವು. ಏಳನೆಯದು ನನಗೆ ಕಾಣಲಿಲ್ಲ, ಅವರ ಮಾತನ್ನು ನಂಬಿ ಹಾಕಿದೆ. ಅವರು ಬದುಕಿದ್ದಾಗ ಅಷ್ಟು ನಂಬಿದ್ದರೆ ಸಾಕಿತ್ತು.