ಅತ್ತೆಯ ಮೂರೆಣಿಕೆಯ ಮಟ್ಟು

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಎಲ್ಲಿಂದಲೋ ಮೈಕಿನಲ್ಲಿ ಭಜನೆ ಕೇಳಿಸಿತು. ಹಾರ್ಮೋನಿಯಂ ಒರಲುತ್ತಿತ್ತು, ತಾಳ ಅದಕ್ಕಿಂತ ಜೋರು. ನನಗೆ ಭಕ್ತಿ ಬರಲಿಲ್ಲ. ನರಸೀಪುರದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ಮೈ ಉರಿಯಿತು. ಆ ಮನೆಯೂ ಈಗಿಲ್ಲ, ಅಲ್ಲಿದ್ದವರೂ ಇಲ್ಲ. ಆದರೂ ದೊಡ್ಡಪ್ಪನ ಮೇಲಿನ ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿ ಬದುಕಿದೆ. ಅವರು ಭಜನಾ ಮಂಡಲಿಯ ಯಜಮಾನರು. ಎರಡು ರಾಗದ ಹೆಸರು ಕಲಿತು ಊರಿಗೆಲ್ಲ ವಿದ್ವಾಂಸರಾಗಿದ್ದವರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ಇಲ್ಲದಿದ್ದರೆ ನೀವು ಪುಣ್ಯವಂತರು.

ಅವರ ತಂಗಿಯೇ ನನ್ನ ಅತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಅಲ್ಲಿದ್ದ ಹೊರದೇಶದ ನರ್ಸಮ್ಮ ಒಬ್ಬರು ಕಾಯಿಲೆಯ ಮಕ್ಕಳ ಮುಂದೆ ಆರು ತೂತಿನ ತಗಡಿನ ಕೊಳಲು ಊದುತ್ತಿದ್ದರಂತೆ. ಊರಿಗೆ ಹೋಗುವಾಗ ಅದನ್ನು ಅತ್ತೆಯ ಕೈಗಿಟ್ಟು ಹೋದರು. ಅದರ ಜೊತೆ ಅತ್ತೆಗೆ ಉಳಿದದ್ದು ಅರ್ಧ ಮಟ್ಟು, ಒಂದು ಎರಡು ಮೂರು ಎಂದು ತೂಗಿ ಮತ್ತೆ ಒಂದಕ್ಕೇ ಮರಳುವಂಥದ್ದು. ಎಲ್ಲಿಯದೆಂದು ಗೊತ್ತಿರಲಿಲ್ಲ, ಮುಂದಿನರ್ಧ ನೆನಪಿರಲಿಲ್ಲ. ಆ ಕೆಲಸ ಬಿಟ್ಟು ನಮ್ಮ ಮನೆಗೇ ಬಂದು ಸೇರಿದ ಮೇಲೆ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಅದೇ ಮಟ್ಟು ಬಂತು. ಅತ್ತೆ ರಾಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಅದು ಹಳ್ಳಿಯ ಜನ ಜೋಡಿ ಜೋಡಿಯಾಗಿ ಕುಣಿಯುವ ವಾಲ್ಟ್ಸ್ ಎಂದು ಹೇಳಿದ ರೇಡಿಯೋದವನು ಅದರ ಹೆಸರು, ದೇಶ ಹೇಳುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

“ಇದು ಸಂಕರಾಭರಣ ಕಣಮ್ಮೀ. ನಮ್ದೇಯ. ಅವ್ರು ಕದ್ದವ್ರೆ.”

“ಅಣ್ಣ, ವಸಿ ಸುಮ್ಕಿರು, ಎಸ್ರು ಏಳ್ತಾವ್ನೆ.”

“ನಾನ್ ಏಳ್ತಿಲ್ವಾ? ಅವ್ನೇನ್ ಏಳಾದು!”

ಆ ಹೆಸರು ಇವತ್ತಿಗೂ ನನಗೆ ಸಿಕ್ಕಿಲ್ಲ. ಆದರೆ ಮಟ್ಟು ಪೂರ್ತಿಯಾಗಿ ಅತ್ತೆಯ ಕಿವಿಗೆ ಬಿದ್ದಿತ್ತು. ಅವತ್ತೆಲ್ಲ ಮುದ್ದೆ ಕೋಲಿನ ಮೇಲೆ ಬೆರಳು ಒತ್ತಿ ಎತ್ತುತ್ತ ಉಳಿದರ್ಧವನ್ನು ಹುಡುಕಿಕೊಂಡಳು. ಸಂಜೆ ಹಿತ್ತಲಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಊದಿದಳು. ಅಷ್ಟು ಸಂತೋಷವಾಗಿ ನಾನವಳನ್ನು ಮತ್ತೆಂದೂ ನೋಡಲಿಲ್ಲ.

ದೊಡ್ಡಪ್ಪ ಅದನ್ನೂ ಕೇಳಿಸಿಕೊಂಡಿದ್ದರು, ಸುಮ್ಮನೆ ಬಿಡುವ ಜಾತಿಯಲ್ಲ. “ಒಂದೇಟು ಕಮ್ಮಿ ಅದೆ, ಕುಂಟ್ತದೆ. ನಾನ್ ಸೇರುಸ್ತೀನಿ” ಎಂದು ಮೂರರ ಮುಂದೆ ನಾಲ್ಕನೆಯ ಏಟು ಹಾಕಿ, ಅದರೊಳಕ್ಕೆ ಒಂದು “ಸ್ವಾಮಿ” ತುರುಕಿದರು. ಶನಿವಾರ ಬಂತೆಂದರೆ ಪಡಸಾಲೆಯ ತುಂಬ ಸ್ವಾಮಿಯೋ ಸ್ವಾಮಿ. ಕುಣಿಯುತ್ತಿದ್ದ ಮಟ್ಟು ಹೆಣ ಹೊರುವವರ ನಡಿಗೆಗೆ ಇಳಿಯಿತು. ಮಂಡಲಿಯವರು ತಲೆದೂಗಿದ್ದೇ ತಲೆದೂಗಿದ್ದು. ಅವರಿಗೆಲ್ಲ ಕಾಫಿ ಹಂಚುತ್ತಿದ್ದವಳು ಅತ್ತೆ. ನಾನೂ ಸೇರಿ ಮನೆಯ ಮಕ್ಕಳೆಲ್ಲ ಕೂತು ಆ ನಾಲ್ಕೇಟಿಗೆ ಚಪ್ಪಾಳೆ ತಟ್ಟಲೇಬೇಕಿತ್ತು.

ಅತ್ತೆಗೆ ಉಬ್ಬಸ ಜಾಸ್ತಿಯಾಗಿ ಊದಲು ಆಗದಂತಾದಾಗ ಕೊಳಲನ್ನು ನನಗೆ ಕೊಟ್ಟಳು. “ನೀ ಕಲ್ತ್ಕೊ ಮಗ. ಒಂದ್ಸಲ ಬ್ಯಾರೇರ್ ಬಾಯಲ್ಲಿ ಅದ್ನ ಕೇಳ್ಬೇಕು ನಾನು” ಎಂದಳು. ಕಲಿತೆ. ಸ್ವರ ಒಂದೂ ತಪ್ಪದಂತೆ ಕಲಿತೆ. ಅವಳು ಹಾಸಿಗೆ ಬಿಟ್ಟೇಳದಂತಾದ ಮೇಲೆ ಒಂದು ದಿನ ಪಕ್ಕದಲ್ಲಿ ಕೂತು ಊದಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕಂಬಳಿಯ ಮೇಲೆ ಬೆರಳಿನಿಂದ ತಟ್ಟುತ್ತಿದ್ದಳು. ಒಂದು, ಎರಡು, ಮೂರು. ನನ್ನ ಉಸಿರು ಮೂರರಲ್ಲಿ ನಿಂತೇಬಿಡುತ್ತಿತ್ತು. ಮತ್ತೆ ಮತ್ತೆ ಮೊದಲಿಂದ ಊದಿದರೂ ಆ ಹಾಳು ಸ್ವಾಮಿಯ ಜಾಗವನ್ನು ಹಾರಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಅತ್ತೆ ಮೂರು ತಟ್ಟಿ, ಬೆರಳನ್ನು ಹಾಗೇ ಮೇಲೆತ್ತಿ ಹಿಡಿದು, ನಾನು ಬಂದು ಸೇರುವವರೆಗೆ ಪ್ರತಿ ಸಲವೂ ಕಾಯುತ್ತಿದ್ದಳು.