ಹತ್ತರಿ ಹೊಡೆದ ಹಲಗೆ

ಅರಕೆರೆಯಲ್ಲಿ ನಾನು ಮಾಡಿದ ಮೊದಲ ಬಾಗಿಲು ಒಂದೇ ಮಳೆಗಾಲಕ್ಕೆ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಆ ಮನೆಯವರು ಹಿತ್ತಲಿನಿಂದ ಸುತ್ತಿಕೊಂಡು ಬೀದಿಗೆ ಬರಬೇಕಾಯಿತು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಬಡಗಿ ಸಿದ್ದಾಚಾರಿ ಎಲ್ಲರೆದುರು ಕೇಳಿದರು: “ಏನ್ಲಾ ದೇವಲಾಪುರ್ದವ್ನೆ, ಬಾಗ್ಲು ಮಾಡುದ್ಯೋ, ಗೋಡೆ ಕಟ್ಟುದ್ಯೋ?”

ಮಾವ, ನಮ್ಮೂರು ದೇವಲಾಪುರದಲ್ಲಿ ನಿಮಗೆ ಮಾಡಿಕೊಟ್ಟ ಬಾಗಿಲು ಹೀಗಾಗಿರಲಿಲ್ಲ. ಅಲ್ಲಿ ಮರ ಒಣಗಿ ಬಿರುಕು ಬಿಡುತ್ತದೆ. ಇಲ್ಲಿ ನಾಲೆ, ಗದ್ದೆಗಳ ತೇವ ಕುಡಿದು ಊದಿಕೊಳ್ಳುತ್ತದೆ. ಅಲ್ಲಿ ಬಿಡುವ ಸಂದು ಇಲ್ಲಿಗೆ ಸಾಲದು. ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಇಷ್ಟು ಕಲಿಯುವಷ್ಟರಲ್ಲಿ ವರ್ಷ ಕಳೆಯಿತು.

ಊರು ಬಿಟ್ಟಿದ್ದು ತಂಗಿ ಗೌರಿಗಾಗಿ. ಅವಳು ಮೈಸೂರಿನಲ್ಲಿ ಗಣಕ ಗಣಿತದ ಎಂ.ಎಸ್ಸಿ. ಓದುತ್ತಾಳೆ. ಇಲ್ಲಿಂದಾದರೆ ಶ್ರೀರಂಗಪಟ್ಟಣಕ್ಕೆ ಬಸ್ಸು, ಅಲ್ಲಿಂದ ಮೈಸೂರು ಹತ್ತಿರ. ಅದೇನು ಓದು ಎಂದು ಒಮ್ಮೆ ಕೇಳಿದೆ.

“ಕೆಲವು ಲೆಕ್ಕಕ್ಕೆ ಸರ್ಯಾಗಿ ಉತ್ರ ಸಿಕ್ಕಕಿಲ್ಲ ಕಣಣ್ಣ. ಅತ್ತತ್ರ ಓಗ್ಬೇಕು. ಎಷ್ಟು ತಪ್ಪೈತೆ ಅನ್ನೋದು ಮಾತ್ರ ಗೊತ್ತಿರ್ಬೇಕು.”

“ನನ್ ಬಾಗ್ಲಂಗೆ?”

ಅವಳು ನಕ್ಕುಬಿಟ್ಟಳು. ಆಮೇಲೆ ಹಲಗೆಯೊಳಗೆ ತೇವ ಹೇಗೆ ಹರಡುತ್ತದೆ ಎನ್ನುವುದನ್ನೇ ತನ್ನ ಪ್ರಾಜೆಕ್ಟು ಮಾಡಿಕೊಂಡಳು. ಕಂಪ್ಯೂಟರಿಗೆ ಕೊಡುವ ಮೊದಲು ಲೆಕ್ಕವನ್ನು ಕೈಯಲ್ಲಿ ಬಿಡಿಸಬೇಕಂತೆ. ನಾನು ಮರದ ಮೇಲೆ ಅಳತೆ ಬರೆಯುವ ಹಾಗೆ, ಅವಳೂ ಗೋಡೆಗೊರಗಿದ ಹಲಸಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದಳು. ಬರುಬರುತ್ತ ಮುದ್ದೆ ಮುರಿಯುವಾಗಲೂ ಅದನ್ನೇ ನೋಡುತ್ತಿದ್ದಳು, ನನ್ನ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಈ ಊರಿನಲ್ಲಿ ನನಗೆ ಮಾತಿಗಿದ್ದವಳು ಅವಳೊಬ್ಬಳೇ.

ಆಯುಧಪೂಜೆ ಬಂತು. ಪೆನ್ಸಿಲ್ ಗುರುತು ಉಳಿದ ಮರವನ್ನು ನಮ್ಮ ಮನೆಯಲ್ಲಿ ಪೂಜೆಗಿಡುವುದಿಲ್ಲ. ಗೌರಿ ಕೆಲವು ದಿನಗಳಿಂದ ಹೊಸದೇನೂ ಬರೆದಿರಲಿಲ್ಲ. ಮುಗಿದಿರಬೇಕು ಎಂದುಕೊಂಡೆ. ಕೇಳಬಹುದಿತ್ತು, ಅವಳು ಒಳಗೇ ಹೂ ಕಟ್ಟುತ್ತಿದ್ದಳು. ಕೇಳಲಿಲ್ಲ. ಆ ಬರಹ ಹೋದರೆ ಸಾಕು ಎಂದು ನನಗೆ ಅನಿಸಿತ್ತು. ಮರ ಹೆರೆಯುವ ಹತ್ತರಿ ತೆಗೆದುಕೊಂಡು ಹಲಗೆಯನ್ನು ನುಣ್ಣಗೆ ಉಜ್ಜಿದೆ.

ಗೌರಿ ಹೊರಗೆ ಬಂದು ಕೆಳಗೆ ಬಿದ್ದ ಮರದ ಸಿಪ್ಪೆಯೊಂದನ್ನು ಎತ್ತಿ ನೋಡಿದಳು. ಸುರುಳಿಯೊಳಗೆ ಅರ್ಧ ಅಂಕೆ ಕಾಣುತ್ತಿತ್ತು.

“ಮುಗ್ದಿರ್ನಿಲ್ಲ ಕಣಣ್ಣ. ತಪ್ಪೆಲ್ಲೈತೆ ಅಂತ ಉಡುಕ್ತಿದ್ದೆ.”

“ಗೊತ್ತಾಗ್ನಿಲ್ಲ ಕಣವ್ವ” ಎಂದೆ. ಅರ್ಧ ಸುಳ್ಳು.

“ಬುಡು” ಎಂದು ಪೊರಕೆ ತಂದು ಗುಡಿಸಿದಳು. ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಬಸ್ಸಿನಲ್ಲಿ ಹೊತ್ತು ಹೋಗುತ್ತದೆ ಎಂದು ಹಾಸ್ಟೆಲು ಸೇರಿದಳು.

ಒಂದು ಭಾನುವಾರ ಬಂದಾಗ ಹಲಗೆಯನ್ನು ಮುಂದಿಟ್ಟು ಪೆನ್ಸಿಲ್ ಚೂಪು ಮಾಡಿಕೊಟ್ಟೆ. “ಅಲ್ಲೇ ಬರ್ಕತೀನಿ ಬುಡಣ್ಣ” ಎಂದು ಉಂಡು ಹೊರಟಳು.

ಯಾವ ಬಸ್ಸಿಗಾಗಿ ಈ ಊರಿಗೆ ಬಂದೆನೋ ಅದನ್ನು ಹತ್ತಲು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ. “ಬಂದ್ಬುಡ್ಲಾ” ಎಂದು ನೀವು ಫೋನಿನಲ್ಲಿ ಕರೆಯುತ್ತೀರಿ. ನನ್ನ ಕೈ ಇಲ್ಲಿಯ ಸಂದಿಗೆ ಒಗ್ಗಿದೆ. ಅಲ್ಲಿಗೆ ಬಂದು ಬಾಗಿಲು ಮಾಡಿದರೆ ನಿಮ್ಮ ಮನೆಗೆ ಧೂಳು ನುಗ್ಗುತ್ತದೆ. ಇಲ್ಲಿಯವರಿಗೆ ನಾನಿನ್ನೂ ದೇವಲಾಪುರದವನು.

ಹಲಗೆ ಗೋಡೆಗೊರಗಿಯೇ ಇದೆ. ಈ ಮಳೆಗೆ ಅದೂ ಉಬ್ಬಿದೆ. ಎಷ್ಟು ಎಂದು ನಾನು ಅಳೆದಿಲ್ಲ.