ಬೆಟ್ಟದ ಮೇಲೆ ಎದುರು ಸಾಲು

ಮಧುಗಿರಿ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದ ನಾನು ಅದರ ತುದಿ ಕಂಡದ್ದು ನಿವೃತ್ತಿಯಾದ ಮೇಲೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಿತ್ತಲ ಬೆಟ್ಟವೂ ಅಷ್ಟೇ. ಬೆಂಗಳೂರಿನವರು ಭಾನುವಾರ ಬೆಳಕು ಹರಿಯುವ ಮೊದಲೇ ಬಂದು, ಹತ್ತಿ, ಇಳಿದು, ನಮ್ಮೂರ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು ಹೋಗುತ್ತಿದ್ದರು. ನಾವು ಮಾತ್ರ ಕೋಟೆಯ ಮೊದಲ ಬಾಗಿಲಿನವರೆಗೆ ಹೋಗಿ, ನೆರಳಲ್ಲಿ ಕೂತು, ಮಂಡಕ್ಕಿ ತಿಂದು ವಾಪಸಾಗುವವರು. ಕೇಳಿದರೆ, ನಮ್ಮದೇ ಬೆಟ್ಟ, ಎಲ್ಲಿಗೆ ಓಡಿಹೋಗುತ್ತೆ ಅನ್ನುವುದು.

ಹಾಗಂತ ಹತ್ತಬಲ್ಲೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಶಿರಾದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಮೇಡಂ ಆಗಿ ಜೀವಮಾನವೆಲ್ಲ ಸೀಟಿ ಊದಿದವಳು ನಾನು. ನನ್ನ ಸೀಟಿಗೆ ಮೈದಾನದ ಆಚೆ ಹೋಗುತ್ತಿದ್ದ ಸೈಕಲ್ಲುಗಳೂ ನಿಲ್ಲುತ್ತಿದ್ದವು.

ಬೆಟ್ಟ ಹತ್ತುವ ಪ್ರಸಂಗ ಬಂದದ್ದು ನನ್ನ ಗೆಳತಿಯ ಕಾಲಿನ ಸಲುವಾಗಿ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬೀದಿಯವರು. ತಾಲ್ಲೂಕು ಮಟ್ಟದ ಓಟದಲ್ಲಿ ಬರಿಗಾಲಲ್ಲಿ ಓಡಿ ಅವಳು ಫಸ್ಟು, ನಾನು ಸೆಕೆಂಡು. ಒಂದು ಸಲವಾದರೂ ಅದು ತಿರುವುಮುರುವಾಗಲಿ ಅಂತ ನಾನು ದೇವರಿಗೆ ಹರಕೆ ಕೂಡ ಹೊತ್ತಿದ್ದೆ, ಆಗಲಿಲ್ಲ. ಸೆಕೆಂಡು ಬಂದವಳು ಪಿ.ಟಿ. ಮೇಡಂ ಆದೆ. ಫಸ್ಟು ಬಂದವಳು ಹುಲಿಕುಂಟೆ ಕಡೆಗೆ ಸೊಸೆಯಾಗಿ ಹೋಗಿ ಕುರಿಗಳ ಹಿಂದೆ ಓಡಿದಳು. ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ. ಕುರಿಗಳೆಂದರೆ ಅವಳಿಗೆ ಪ್ರಾಣ.

ಜಾಲಿ ಮುಳ್ಳು ಚುಚ್ಚಿದ ಗಾಯ ಸಕ್ಕರೆ ಕಾಯಿಲೆಯಿಂದ ಮಾಯದೆ, ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಮೇಲೆ ಸಿಕ್ಕ ಕೃತಕ ಕಾಲು ಅವಳ ಅಳತೆಗೆ ಕೂರದೆ ಉಜ್ಜಿ ಉಜ್ಜಿ ಹುಣ್ಣಾಗಿ, ಕೊನೆಗೆ ಕುರಿ ರೊಪ್ಪದ ಗೂಟಕ್ಕೆ ನೇತುಬಿತ್ತು. ಅಳತೆ ಕೊಟ್ಟು ಮಾಡಿಸಿದ, ಹೊಲದ ಹೆಂಟೆಯ ಮೇಲೂ ನಡೆಯಬಲ್ಲ ಕಾಲು ಬೆಂಗಳೂರಿನಲ್ಲಿ ಸಿಗುತ್ತಿತ್ತು. ಅದಾಗದಿದ್ದರೆ ಕುರಿಗಳನ್ನೆಲ್ಲ ಸಂತೆಗೆ ಹೊಡೆಯುವುದೆಂದು ಮನೆಯವರು ನಿಶ್ಚಯಿಸಿಬಿಟ್ಟಿದ್ದರು. ಅವಳು ಮೇಯಿಸದಿದ್ದರೆ ಇನ್ಯಾರು ಮೇಯಿಸಬೇಕು?

"ನಾನು ಮಾಡಿಸ್ಕೊಡ್ತೀನಿ ನಡಿ" ಅಂದೆ.

"ಬ್ಯಾಡ ಕಣೇ. ದಾನದ ಕಾಲಾಕ್ಕೊಂಡು ಊರಾಗೆ ಎಂಗೆ ತಲೆ ಎತ್ತಿ ತಿರುಗ್ಲಿ?"

"ಕಾಲಿಗೂ ತಲೆಗೂ ಏನೇ ಸಂಬಂಧ? ಜೊತೇಲಿ ಬೆಳೆದವಳ ಕೈಯಿಂದ ಇಸ್ಕೊಳ್ಳೋಕೂ ನಾಚಿಕೆನಾ ನಿಂಗೆ?" ಎಂದು ರೇಗಿದೆ. ಅವಳು ಕುರಿಮರಿಯ ಕಿವಿ ಸವರುತ್ತಾ ಕೂತಳೇ ಹೊರತು ಜಗ್ಗಲಿಲ್ಲ. ನಾನೂ ಬಾಯಿಗೆ ಬಂದಂತೆ ಬೈದು ಬಸ್ಸು ಹತ್ತಿದೆ.

ಆಗಲೇ ಮಧುಗಿರಿಯ ಒಂದು ಸೇವಾ ಬಳಗದವರು ಬೆಟ್ಟ ಹತ್ತುವ ಕಾರ್ಯಕ್ರಮ ಇಟ್ಟುಕೊಂಡದ್ದು ತಿಳಿಯಿತು. ತಂಡ ಕಟ್ಟಿಕೊಂಡು ತುದಿಯ ಪಾಳು ಗುಡಿಯನ್ನು ಮುಟ್ಟಿದರೆ, ಆ ತಂಡ ಹೇಳಿದ ಒಂದು ಒಳ್ಳೆಯ ಕೆಲಸದ ಖರ್ಚನ್ನು ಊರಿನ ದಾನಿಗಳು ವಹಿಸಿಕೊಳ್ಳುತ್ತಾರೆ. ಆದರೆ ತಂಡದವರೆಲ್ಲರೂ ಮುಟ್ಟಬೇಕು, ಒಬ್ಬರು ಉಳಿದರೂ ಆಗದು. ನಾನು ನೆಟ್ಟಗೆ ಹುಲಿಕುಂಟೆಗೆ ಹೋಗಿ ಗೆಳತಿಯ ಅಕ್ಕಪಕ್ಕದ ಹೊಲದ ಹೆಂಗಸರನ್ನು ಕೂಡಿಸಿದೆ. ದಾನ ಗೀನ ಎಂಬ ಮಾತನ್ನೇ ಎತ್ತದೆ, "ಅವಳ ಮುಯ್ಯಿ ಬಾಕಿ ಇದೆಯಲ್ಲ, ಬೆಟ್ಟ ಹತ್ತಿ ತೀರಿಸ್ತೀರಾ?" ಅಂತ ಕೇಳಿದೆ.

ನಮ್ಮ ಕಡೆ ಮುಯ್ಯಿ ಅಂದರೆ ಕೂಲಿಯಿಲ್ಲದ ಆಳು. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕಾಲು ಹೋಗುವ ಮೊದಲಿನ ವರ್ಷಗಳಲ್ಲೆಲ್ಲ ಆ ಎಲ್ಲರ ಹೊಲದಲ್ಲಿ ಗೆಳತಿ ಕಡಲೆಕಾಯಿ ಕಿತ್ತಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಇಲ್ಲ. "ಯಾವತ್ತು ಬರಬೇಕು ಏಳ್ರಿ" ಅಂದರು.

ಇದನ್ನು ಗೆಳತಿಗೆ ಹೇಳಿದೆ.

"ಮುಯ್ಯಿ ಅಂತ ಏಳಿ ನನ್ ಕಣ್ಗೆ ಮಣ್ಣಾಕ್ತಿದ್ದೀಯಾ? ಸರಿ, ನಾನೂ ಬತ್ತೀನಿ. ಬುಡದಾಗೆ ಕುಂತು ನೋಡ್ತೀನಿ. ನೀವು ಒಲದಾಗೆ ಗೇಯ್ದಂಗೆ ಅತ್ತುದ್ರೆ ಅದು ಮುಯ್ಯಿ, ಕಾಲು ತಕ್ಕೋತೀನಿ. ನಾ ಮುಂದು ತಾ ಮುಂದು ಅಂತ ಓದ್ರೋ, ಅದು ಆಟ. ನಿಮ್ ಆಟದ ಕಾಲು ನಂಗ್ಬ್ಯಾಡ."

ಅವಳು ಹಾಗೆ ಯಾಕೆ ಹೇಳಿದಳೆಂದರೆ, ಕಡಲೆಕಾಯಿ ಕೀಳುವಾಗ ಒಬ್ಬೊಬ್ಬಳು ಒಂದೊಂದು ಸಾಲು ಹಿಡಿದು ಹೊರಡುತ್ತಾಳೆ. ಮೊದಲು ಮುಗಿಸಿದವಳು ಹೋಗಿ ಬದುವಿನ ಮೇಲೆ ಕೂರುವಂತಿಲ್ಲ. ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಹಿಡಿದು, ಅವಳಿಗೆ ಎದುರಾಗಿ ಕೀಳುತ್ತಾ ಬರಬೇಕು. ಅದೇ ಎದುರು ಸಾಲು. ನಡುವೆ ಎಲ್ಲೋ ಇಬ್ಬರೂ ಸೇರುತ್ತಾರೆ, ಸೊಂಟ ನೆಟ್ಟಗೆ ಮಾಡಿಕೊಂಡು ನೀರು ಕುಡಿಯುತ್ತಾರೆ. ಉಪಕಾರವಾಯಿತು ಅಂತ ಯಾರೂ ಯಾರಿಗೂ ಹೇಳುವುದಿಲ್ಲ.

ಹತ್ತುವ ದಿನ ಟೆಂಪೋದಲ್ಲಿ ಹೆಂಗಸರೆಲ್ಲ ಬಂದಿಳಿದರು. ನಾನು ಟ್ರ್ಯಾಕ್ ಸೂಟು, ಹೊಸ ಶೂ, ಕೊರಳಲ್ಲಿ ಸೀಟಿ. ಅವರು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಚ್ಚಿ ಗೆಳತಿಯ ಪಕ್ಕ ಇಟ್ಟರು. ಅವಳು ಬುಡದ ಕಲ್ಲುಕಟ್ಟೆಯ ಮೇಲೆ ಊರುಗೋಲು ಒರಗಿಸಿ ಕೂತಿದ್ದಳು. ಬಳಗದ ಯಜಮಾನರು ಮೊದಲು ಹೇಳಿದ್ದೇ, "ಮೇಲೆ ಜೇನುಗೂಡುಗಳಿವೆ. ಕೂಗಬೇಡಿ, ಸೀಟಿ ಊದಬೇಡಿ." ನನ್ನ ಅರ್ಧ ಬಲ ಅಲ್ಲೇ ಹೋಯಿತು.

ಎರಡನೆಯ ಬಾಗಿಲಿನವರೆಗೆ ನಾನೇ ಮುಂದು. ಅಲ್ಲಿಂದಾಚೆ ಮೆಟ್ಟಿಲೆಂಬ ಮಾತೇ ಇಲ್ಲ. ಬೋಳು ಬಂಡೆ, ಅದರಲ್ಲಿ ಪಾದದ ತುದಿ ಹಿಡಿಸುವಷ್ಟು ಕೊರೆದ ಗುಳಿಗಳು, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಕಂಬಿ. ಗಾಳಿಯ ಹೊಡೆತಕ್ಕೆ ಸೀರೆ ಸೆರಗುಗಳು ಪಟಪಟ ಬಡಿಯುತ್ತಿದ್ದವು. ಒಬ್ಬೊಬ್ಬರಾಗಿ ಹೆಂಗಸರು ನನ್ನನ್ನು ದಾಟಿ ಮೇಲಕ್ಕೆ ಹೋದರು. ಶೂ ಜಾರುತ್ತಿದೆ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಜಾರುತ್ತಿದ್ದದ್ದು ಶೂ ಅಲ್ಲ, ನನ್ನ ಧೈರ್ಯ. ಒಮ್ಮೆ ಕೆಳಗೆ ನೋಡಿದೆ, ಊರೆಲ್ಲ ಅಂಗೈಯಷ್ಟಾಗಿತ್ತು. ಕಂಬಿಯಿಂದ ಕೈ ಬಿಡಿಸಲಾಗಲಿಲ್ಲ.

ತಲೆ ಎತ್ತಿದರೆ, ತುದಿಗೆ ಹತ್ತಿರವಾಗಿದ್ದ ಹೆಂಗಸರ ಸಾಲು ನಿಂತಿತ್ತು. ಆಮೇಲೆ ತಿರುಗಿ ಇಳಿಯತೊಡಗಿತು. ನನಗೆ ಎಲ್ಲಿಲ್ಲದ ಕೋಪ ಬಂತು. ಕೂಗುವಂತಿಲ್ಲ, ಊದುವಂತಿಲ್ಲ. ಹೋಗಿ ಹೋಗಿ ಎಂದು ಒಂದು ಕೈಯನ್ನು ಹೇಗೋ ಬಿಡಿಸಿ ಬೀಸಿದೆ. ಅವರು ಇಳಿಯುತ್ತಲೇ ಇದ್ದರು. ಎಲ್ಲರಿಗಿಂತ ಮೊದಲು ಬಂದವಳು ಪಾವಗಡದ ಕ್ಯಾತಗಾನಚೆರ್ಲಿನಿಂದ ಹುಲಿಕುಂಟೆಗೆ ಸೊಸೆಯಾಗಿ ಬಂದ ಗಟ್ಟಿ ಹೆಂಗಸು.

"ರಾ ಅಕ್ಕಾ, ಬರ್ರಿ, ಕೈ ಕೊಡ್ರಿ" ಅಂದಳು, ತೆಲುಗು ಕನ್ನಡ ಬೆರೆಸಿ.

"ಬೇಡ. ನಾನೇ ಬರ್ತೀನಿ. ನೀವು ನಡೀರಿ."

"ಎಲ್ಲಿಗೆ ನಡೆಯಾದು? ನಿಮ್ ಸಾಲು ಇಲ್ಲೇ ಉಳ್ಕಂಡೈತಲ್ಲ."

"ಬೇಡ ಅಂದ್ನಲ್ಲಮ್ಮ! ನಾಲ್ಕು ಜನ ಎತ್ಕೊಂಡು ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅಂದ ಮಾತು ನನ್ನ ಕಿವಿಗೇ ಬಿದ್ದಿತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂದರೆ ಇದೇ. ಇಸ್ಕೊಳ್ಳೋಕೆ ನಾಚಿಕೆಯೇನೇ ಎಂದು ಗೆಳತಿಯ ಅಂಗಳದಲ್ಲಿ ಗಂಟಲು ಹರಿಯುವಂತೆ ಬೈದು ಬಂದವಳಿಗೆ, ಒಬ್ಬ ಹೆಂಗಸಿನ ಕೈ ಹಿಡಿಯಲು ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಎಷ್ಟು ಉರಿದಿರಬೇಕು ಅಂತ ಆಗ ಗೊತ್ತಾಯಿತು. ಬಂಡೆಯ ಮೇಲೆ ನಿಂತೇ ನನಗೆ ಅಳು ಬಂತು.

ಕೈ ಕೊಟ್ಟೆ. ಒಬ್ಬಳು ಮೇಲಿಂದ ಎಳೆದಳು, ಒಬ್ಬಳು ನನ್ನ ಪಾದವನ್ನು ಹಿಡಿದು ಗುಳಿಯಿಂದ ಗುಳಿಗೆ ಇಟ್ಟಳು. ಶೂ ಬಿಚ್ಚಿಸಿ ಇನ್ನೊಬ್ಬಳು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರೂ ಸಮಾಧಾನದ ಮಾತಾಡಲಿಲ್ಲ. ಸಾರಿಗೆ ಹುಣಿಸೆ ಜಾಸ್ತಿಯಾದ ಯಾವುದೋ ಮದುವೆಯ ಸುದ್ದಿ ಹೇಳಿಕೊಂಡು ಹತ್ತಿದರು.

ತುದಿ ಮುಟ್ಟಿದಾಗ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಸೂರಿಲ್ಲದ ಕಣಜಗಳು, ಕುಸಿದ ಗೋಡೆಗಳು, ಬಾಗಿಲೇ ಇಲ್ಲದ ಗುಡಿ, ಅದರೊಳಗೆ ತಣ್ಣನೆಯ ನೆರಳು. ಎಲ್ಲರೂ ಒಟ್ಟಿಗೆ ಗುಡಿಯ ಕಂಬಕ್ಕೆ ಕೈಯಿಟ್ಟೆವು. ಬಡಗಣ ದಿಕ್ಕಿನಲ್ಲಿ ಏನೋ ಮಿನುಗಿತು. "ಅದಿಗೋ ಮಾ ಊರು, ಸೋಲಾರು!" ಎಂದಳು ಪಾವಗಡದವಳು, ತನ್ನೂರ ಬಯಲ ತುಂಬ ಹಾಸಿದ ಸೋಲಾರ್ ಹಲಗೆಗಳು ಅವು ಅಂತ. ಯಾವುದೋ ಕೆರೆ ಬಿಡಮ್ಮ ಅಂತ ಉಳಿದವರು ರೇಗಿಸಿದರು.

ಇಳಿದು ಬಂದಾಗ ಬಳಗದ ಯಜಮಾನರು ನಗುತ್ತಿದ್ದರು. "ನೀವು ಅರ್ಧದಿಂದ ವಾಪಸಾದಿರಿ, ಸೋತಿರಿ ಅಂತ ನಾನು ಹೇಳಿಬಿಟ್ಟಿದ್ದೆ ಮೇಡಂ. ಈ ಅಮ್ಮ ನನ್ನನ್ನು ಗದರಿಸಿದರು."

ಗೆಳತಿ ಎಂದಳು: "ಸೋತಿಲ್ಲ ಸ್ವಾಮಿ, ಎದುರು ಸಾಲು ಇಡ್ದವ್ರೆ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಲೇ, ಇಂದೆ ಬಿದ್ದಿದ್ದು ಯಾರು?"

"ನಾನೇ" ಅಂದೆ.

ಅವಳು ನಕ್ಕ ನಗು ಹೇಳತೀರದು. ಊರುಗೋಲು ಜಾರಿ ನೆಲಕ್ಕೆ ಬಿತ್ತು. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದಳು, "ಕೈ ಕೊಡಾಕೆ ಎಂಗನ್ನಿಸ್ತು?"

"ಸಾಯೋ ಹಂಗಾಯ್ತು."

"ಆಮ್ಯಾಕೆ?"

"ಆಮೇಲೆ ಮೇಲೆ ಹೋಗಿಬಿಟ್ಟಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೆಂಗ್ಳೂರಿಗೆ ಅಳತೆ ಕೊಡಾಕೆ ಯಾವತ್ತು ಓಗಾದು ಏಳು."

ಮುಂದಿನ ಸುಗ್ಗಿಗೆ ನಾನೂ ಮುಯ್ಯಾಳಾಗಿ ಹುಲಿಕುಂಟೆಗೆ ಹೋದೆ. ಹೊಸ ಕಾಲಿನವಳು ನನ್ನ ಪಕ್ಕದ ಸಾಲು ಹಿಡಿದಳು, ಬದುವಿನಾಚೆ ಅವಳ ಕುರಿಗಳು ಮೇಯುತ್ತಿದ್ದವು. ಮನಸ್ಸಿನಲ್ಲೇ ಸೀಟಿ ಊದಿಕೊಂಡು ನಾನು ಬಿರುಸಾಗಿ ಕಿತ್ತೆ. ಈ ಸಲವಾದರೂ ಫಸ್ಟು ಬಂದೇನು ಅಂದುಕೊಂಡು ಬೆನ್ನೆತ್ತಿ ನೋಡಿದರೆ, ಪಕ್ಕದ ಸಾಲು ಖಾಲಿ. ಅವಳು ತನ್ನದನ್ನು ಮುಗಿಸಿ, ಎಡಗಾಲನ್ನು ಹೆಂಟೆಯ ಮೇಲೆ ಎಚ್ಚರದಿಂದ ಊರುತ್ತಾ, ನನ್ನ ಸಾಲಿನ ಆ ತುದಿಯಿಂದ ನನಗೆ ಎದುರಾಗಿ ಬರುತ್ತಿದ್ದಳು. ಅವಳು ಬಂದು ಸೇರುವವರೆಗೂ ನನ್ನ ಪಾಲಿನದನ್ನು ಕೀಳುತ್ತಾ ಹೋದೆ.